ಅಜ್ಜ, ಅಪ್ಪ, ಮಗ, ಒಂದೇ ಕಾಲೇಜು ತಂಡ: ಅಮೆರಿಕದ ಫುಟ್‌ಬಾಲ್ ಮನೆತನಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳಿಸಿದ ಎಷ್ಟೋ ಕನ್ನಡದ ಅಪ್ಪ-ಅಮ್ಮಂದಿರು ಅಲ್ಲಿಗೆ ಹೋದಾಗ ಮೊದಲು ಬೆರಗಾಗುವುದು ಶನಿವಾರದ ಫುಟ್‌ಬಾಲ್ ನೋಡಿ. ಊರಿಗೆ ಊರೇ ಒಂದೇ ಬಣ್ಣದ ಬಟ್ಟೆ ಹಾಕಿಕೊಂಡು ಹೊರಟಿರುತ್ತದೆ. ಟಿವಿಯಲ್ಲಿ "ಇವನ ಅಪ್ಪನೂ ಇಲ್ಲೇ ಆಡಿದ್ದು, ಅಜ್ಜನೂ ಇಲ್ಲೇ" ಅಂತ ಹೇಳುತ್ತಿರುತ್ತಾರೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ನನಗೆ ಈ ಮನೆತನಗಳ ಕಥೆ ಎಂದರೆ ತುಂಬ ಇಷ್ಟ. ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿದ್ದೇನೆ.

ಇದು ಯಾವ ಫುಟ್‌ಬಾಲ್?

ಕಾಲಲ್ಲಿ ಆಡುವ ನಮ್ಮ ಫುಟ್‌ಬಾಲ್ ಅಲ್ಲ. ಎರಡೂ ತುದಿ ಚೂಪಾದ ಚೆಂಡು, ತಲೆಗೆ ಹೆಲ್ಮೆಟ್, ಹೆಗಲಿಗೆ ಪ್ಯಾಡ್. ಒಂದು ಕಡೆ 11 ಜನ. ನಾಲ್ಕು ಯತ್ನದಲ್ಲಿ 10 ಗಜ ಮುಂದೆ ಹೋಗಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಎದುರಾಳಿಯ ಗೋಲ್ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಕೆಳಗಿನ ಕಥೆಗಳಿಗೆ ಇಷ್ಟು ಗೊತ್ತಿದ್ದರೆ ಸಾಕು.

ಕಾಲೇಜು ತಂಡ ತಾನೇ, ಅದಕ್ಕೆ ಇಷ್ಟೊಂದು ಮಹತ್ವ ಯಾಕೆ?

ಕಾಲೇಜುಗಳ ನಡುವಿನ ಮೊದಲ ಪಂದ್ಯ ನಡೆದಿದ್ದು 1869ರಲ್ಲಿ, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ. ಹಣ ಕೊಟ್ಟು ಆಡಿಸುವ ಲೀಗ್ ಹುಟ್ಟಿದ್ದು ಅದಾಗಿ ಐವತ್ತು ವರ್ಷದ ಮೇಲೆ. ಅಷ್ಟರಲ್ಲಿ ಕಾಲೇಜು ತಂಡಗಳು ಊರಿನ ತಂಡಗಳೇ ಆಗಿಬಿಟ್ಟಿದ್ದವು. ದೊಡ್ಡ ನಗರ ಇಲ್ಲದ ರಾಜ್ಯಗಳಲ್ಲಂತೂ ಇಂದಿಗೂ ಕಾಲೇಜು ತಂಡವೇ ಎಲ್ಲ. ನೆಬ್ರಾಸ್ಕ ವಿಶ್ವವಿದ್ಯಾಲಯದ ತವರಿನ ಪಂದ್ಯಗಳ ಟಿಕೆಟ್ 1962ರಿಂದ ಒಂದು ಸಲವೂ ಉಳಿದಿಲ್ಲ. ಪೆನ್ಸಿಲ್ವೇನಿಯಾದ ಬೆಟ್ಟಗಳ ನಡುವೆ ಸ್ಟೇಟ್ ಕಾಲೇಜ್ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬೀವರ್ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ.

ಇಂಥ ಊರಲ್ಲಿ ಹುಟ್ಟಿದ ಮಗುವಿಗೆ ತಂಡ ಬೇರೆ, ಮನೆ ಬೇರೆ ಅನ್ನಿಸುವುದೇ ಇಲ್ಲ.

ನಾಲ್ಕು ತಲೆಮಾರು ಒಂದೇ ತಂಡಕ್ಕೆ ಆಡಿದ ಕುಟುಂಬ ನಿಜವಾಗಲೂ ಇದೆಯಾ?

ಇದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕಥೆ ಅದೇ. ಪೆನ್ ಸ್ಟೇಟ್‌ನ ಹಿಗಿನ್ಸ್-ಸೂಹಿ ಮನೆತನ.

ಮೊದಲನೆಯವರು ಬಾಬ್ ಹಿಗಿನ್ಸ್. 1915ರಲ್ಲಿ ದೇಶದ ಅತ್ಯುತ್ತಮ ಆಟಗಾರರ ಪಟ್ಟಿಗೆ, ಅಂದರೆ ಆಲ್-ಅಮೆರಿಕನ್ ತಂಡಕ್ಕೆ, ಅವರ ಹೆಸರು ಬಂತು. ಆಮೇಲೆ ಮೊದಲ ಮಹಾಯುದ್ಧ. ಸೈನ್ಯಕ್ಕೆ ಹೋಗಿ, ವಾಪಸ್ ಬಂದು, 1919ರಲ್ಲಿ ತಂಡದ ನಾಯಕರಾದರು, ಮತ್ತೆ ಆಲ್-ಅಮೆರಿಕನ್ ಆದರು. ಆ ವರ್ಷ ಪಿಟ್ಸ್‌ಬರ್ಗ್ ವಿರುದ್ಧದ ಪಂದ್ಯದಲ್ಲಿ ಪೆನ್ ಸ್ಟೇಟ್ ತನ್ನದೇ ಗೋಲ್ ಗೆರೆಯ ಹತ್ತಿರ ಸಿಕ್ಕಿಕೊಂಡಿತ್ತು. ಒದ್ದು ಕಳಿಸುತ್ತಾರೆ ಅಂತ ಎದುರಾಳಿಗಳು ಕಾಯುತ್ತಿದ್ದರು. ಒದೆಯುವ ಬದಲು ಬಿಲ್ ಹೆಸ್ ಚೆಂಡನ್ನು ಎಸೆದೇಬಿಟ್ಟರು, ಹಿಗಿನ್ಸ್ ಹಿಡಿದು ಓಡಿದರು. 92 ಗಜದ ಟಚ್‌ಡೌನ್! 1930ರಿಂದ 1948ರವರೆಗೆ ಅವರೇ ಆ ತಂಡದ ಕೋಚ್.

ಎರಡನೆಯವರು ಸ್ಟೀವ್ ಸೂಹಿ. ಹಿಗಿನ್ಸ್ ತರಬೇತಿ ಕೊಟ್ಟ ಹುಡುಗ. ಇವರೂ ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರು. 1947ರಲ್ಲಿ ಆಲ್-ಅಮೆರಿಕನ್. ಆ ಸಾಲಿನಲ್ಲಿ ತಂಡ ಒಂದೂ ಪಂದ್ಯ ಸೋಲಲಿಲ್ಲ. 1948ರ ಹೊಸ ವರ್ಷದ ದಿನ ಡಲ್ಲಾಸ್‌ನಲ್ಲಿ ನಡೆದ ಕಾಟನ್ ಬೌಲ್ ಪಂದ್ಯ 13-13ರಲ್ಲಿ ಸಮವಾಯಿತು. (ಬೌಲ್ ಅಂದರೆ ಸಾಲಿನ ಕೊನೆಗೆ ಆಯ್ದ ತಂಡಗಳ ನಡುವೆ ನಡೆಯುವ ವಿಶೇಷ ಪಂದ್ಯ.) ಪೆನ್ ಸ್ಟೇಟ್ ತಂಡದಲ್ಲಿ ವಾಲಿ ಟ್ರಿಪ್ಲೆಟ್ ಮತ್ತು ಡೆನಿ ಹೊಗಾರ್ಡ್ ಎಂಬ ಇಬ್ಬರು ಕಪ್ಪು ಆಟಗಾರರಿದ್ದರು. ಕಾಟನ್ ಬೌಲ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರರು ಅವರೇ. ಸಮ ಮಾಡಿದ ಟಚ್‌ಡೌನ್ ಹೊಡೆದದ್ದೂ ಟ್ರಿಪ್ಲೆಟ್.

ಸ್ಟೀವ್ ಮದುವೆಯಾಗಿದ್ದು ಕೋಚ್ ಹಿಗಿನ್ಸ್ ಅವರ ಮಗಳು ಜಿಂಜರ್ ಅವರನ್ನು. ಅವರ ಮೂವರು ಗಂಡುಮಕ್ಕಳು, ಲ್ಯಾರಿ, ಪಾಲ್, ಮ್ಯಾಟ್, 1970ರ ದಶಕದಲ್ಲಿ ಪೆನ್ ಸ್ಟೇಟ್‌ಗೆ ಆಡಿದರು. ಇವರದು ಮೂರನೇ ತಲೆಮಾರು. 2000ದ ದಶಕದಲ್ಲಿ ಪಾಲ್ ಮಗ ಕೆವಿನ್, ಆಮೇಲೆ ಮ್ಯಾಟ್ ಮಗ ಜೋ. ಅಲ್ಲಿಗೆ ನಾಲ್ಕು. ಮುತ್ತಜ್ಜನ ಮೊದಲ ಆಟಕ್ಕೂ ಮರಿಮಗನ ಕೊನೆಯ ಆಟಕ್ಕೂ ನಡುವೆ ಸುಮಾರು ನೂರು ವರ್ಷ.

ಹಾಗಾದರೆ ನಂಟು ಮಗಳ ಕಡೆಯಿಂದ ಬಂದಿದ್ದಾ?

ಹೌದು. ಜನ "ಅಪ್ಪನಿಂದ ಮಗನಿಗೆ" ಅಂತಲೇ ಮಾತಾಡುತ್ತಾರೆ. ಆದರೆ ಹಿಗಿನ್ಸ್ ಮತ್ತು ಸೂಹಿ ಎಂಬ ಎರಡು ಹೆಸರುಗಳನ್ನು ಕಟ್ಟಿದವರು ಜಿಂಜರ್. ಕೋಚ್‌ನ ಮಗಳಾಗಿ ಬೆಳೆದರು, ಆಟಗಾರನ ಕೈ ಹಿಡಿದರು, ಮೂವರು ಆಟಗಾರರನ್ನು ಬೆಳೆಸಿದರು. 1950ರಲ್ಲಿ ಜೋ ಪಟರ್ನೊ ಎಂಬ ಎಳೆಯ ಸಹಾಯಕ ಕೋಚ್ ಊರಿಗೆ ಬಂದಾಗ ಮೊದಲು ಉಳಿದುಕೊಂಡಿದ್ದು ಜಿಂಜರ್ ಮತ್ತು ಸ್ಟೀವ್ ಅವರ ಮನೆಯಲ್ಲೇ. ಅದೇ ಪಟರ್ನೊ 1966ರಿಂದ 2011ರವರೆಗೆ ಮುಖ್ಯ ಕೋಚ್ ಆಗಿ 409 ಪಂದ್ಯ ಗೆದ್ದರು. ಜಿಂಜರ್ ಅವರ ಮೂವರು ಮಕ್ಕಳೂ, ಇಬ್ಬರು ಮೊಮ್ಮಕ್ಕಳೂ ಅವರ ಕೈಕೆಳಗೇ ಆಡಿದರು.

ಬರೀ ಮನೆ ಹೆಸರು ನೋಡಿಕೊಂಡು ತಲೆಮಾರು ಎಣಿಸಿದರೆ ಇದು ಕಾಣುವುದೇ ಇಲ್ಲ. ನೆಬ್ರಾಸ್ಕದಲ್ಲೂ ಹೀಗೇ. 2001ರಿಂದ 2004ರವರೆಗೆ ಆಡಿದ ಬ್ಯಾರೆಟ್ ರೂಡ್ ಅವರ ಮುತ್ತಜ್ಜ ಕ್ಲಾರೆನ್ಸ್ ಸ್ವಾನ್ಸನ್, 1921ರ ನೆಬ್ರಾಸ್ಕ ತಂಡದ ನಾಯಕ. ಮನೆ ಹೆಸರು ಬೇರೆಯಾದ್ದರಿಂದ ಎಷ್ಟೋ ಅಭಿಮಾನಿಗಳಿಗೂ ಈ ಸಂಬಂಧ ಹೊಳೆಯುವುದಿಲ್ಲ. ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಮೆಕಾಫ್ರಿ ವಿಷಯದಲ್ಲಿ ಅಪ್ಪ ಎಡ್ ಅದೇ ತಂಡದ ಆಟಗಾರ ಅಂತ ಎಲ್ಲರೂ ಹೇಳುತ್ತಾರೆ. ಅಮ್ಮ ಲೀಸಾ ಅದೇ ಸ್ಟ್ಯಾನ್‌ಫರ್ಡ್‌ನಲ್ಲಿ ಸಾಕರ್, ಅಂದರೆ ನಮ್ಮ ಫುಟ್‌ಬಾಲ್, ಆಡಿದವರು. ಅಮ್ಮನ ಅಪ್ಪ ಡೇವ್ ಸೈಮ್ 1960ರ ಒಲಿಂಪಿಕ್ಸ್‌ನ 100 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದವರು. 2015ರಲ್ಲಿ ಕ್ರಿಶ್ಚಿಯನ್ ಒಂದೇ ಸಾಲಿನಲ್ಲಿ ಒಟ್ಟು 3,864 ಗಜ ಕ್ರಮಿಸಿ ದಾಖಲೆ ಮಾಡಿದಾಗ, ಆ ಕಾಲಿನ ವೇಗದಲ್ಲಿ ತಾಯಿ ಕಡೆಯ ಪಾಲೂ ಇತ್ತು ಅಂತ ನಾನು ನಂಬುತ್ತೇನೆ.

ಅಣ್ಣ-ತಮ್ಮ ಒಂದೇ ತಂಡದಲ್ಲಿದ್ದ ದೊಡ್ಡ ಪಂದ್ಯ ಯಾವುದಾದರೂ ಇದೆಯಾ?

1979ರ ಜನವರಿ 1, ನ್ಯೂ ಆರ್ಲಿಯನ್ಸ್‌ನ ಶುಗರ್ ಬೌಲ್. ಪೆನ್ ಸ್ಟೇಟ್ ನಂಬರ್ ಒನ್, ಅಲಬಾಮಾ ನಂಬರ್ ಟೂ. ಪಾಲ್ ಸೂಹಿ ಲೈನ್‌ಬ್ಯಾಕರ್, ಅಂದರೆ ಎದುರಾಳಿಯನ್ನು ತಡೆಯುವವರು, ತಂಡದ ನಾಯಕರಲ್ಲಿ ಒಬ್ಬರು. ತಮ್ಮ ಮ್ಯಾಟ್ ಫುಲ್‌ಬ್ಯಾಕ್, ಅಂದರೆ ಚೆಂಡು ಹಿಡಿದು ನುಗ್ಗುವ, ಓಟಗಾರನಿಗೆ ದಾರಿ ಮಾಡಿಕೊಡುವ ಆಟಗಾರ. ಕೊನೆಯ ಕ್ವಾರ್ಟರ್‌ನಲ್ಲಿ ಅಲಬಾಮಾ 14-7ರಿಂದ ಮುಂದಿತ್ತು. ಪೆನ್ ಸ್ಟೇಟ್ ಗೋಲ್ ಗೆರೆಯ ಬುಡಕ್ಕೆ ಬಂದು ನಿಂತಿತ್ತು.

ಮೂರನೇ ಯತ್ನದಲ್ಲಿ ಚೆಂಡು ಮ್ಯಾಟ್ ಕೈಗೆ. ಜನರ ಗುಡ್ಡೆಯ ಮೇಲೆ ಹಾರಿದರು, ಗೆರೆ ಮುಟ್ಟುವ ಮೊದಲೇ ಅಲಬಾಮಾದವರು ತಡೆದರು. ಪೆನ್ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ, ಚಕ್ ಫುಸಿನಾ ಚೆಂಡು ಎಲ್ಲಿದೆ ಅಂತ ಬಗ್ಗಿ ನೋಡಿದರು. ಪಾಸ್ ಮಾಡುವುದು ಒಳ್ಳೆಯದು ಅಂತ ಅಲಬಾಮಾದ ಮಾರ್ಟಿ ಲಯನ್ಸ್ ಅಲ್ಲೇ ಎದುರಿಗೆ ನಿಂತು ಹೇಳಿದರು. ಪೆನ್ ಸ್ಟೇಟ್ ಪಾಸ್ ಮಾಡಲಿಲ್ಲ. ನಾಲ್ಕನೇ ಯತ್ನದಲ್ಲಿ ಮೈಕ್ ಗುಮನ್ ಹಾರಿದರು, ಬ್ಯಾರಿ ಕ್ರಾಸ್ ಗಾಳಿಯಲ್ಲೇ ಗುದ್ದಿ ನಿಲ್ಲಿಸಿದರು. ಪಾಲ್ ಡಿಫೆನ್ಸ್ ಆಟಗಾರ, ಹಾಗಾಗಿ ಆ ಹೊತ್ತಲ್ಲಿ ಅವರ ಜಾಗ ಮೈದಾನದ ಹೊರಗೆ. ತಮ್ಮ ಒಳಗೆ ಬಿದ್ದು ಏಳುವುದನ್ನು ಅಣ್ಣ ಹೊರಗೆ ನಿಂತು ನೋಡಬೇಕಾಯಿತು. ಅವರ ಅಪ್ಪ ಸ್ಟೀವ್ ಅದನ್ನು ನೋಡಲು ಇರಲಿಲ್ಲ. 1977ರಲ್ಲೇ ತೀರಿಕೊಂಡಿದ್ದರು.

ಮ್ಯಾಟ್ ಮುಂದೆ ಹಣ ಕೊಟ್ಟು ಆಡಿಸುವ ಲೀಗ್‌ನ ಶಿಕಾಗೋ ಬೇರ್ಸ್ ತಂಡ ಸೇರಿ, ವಾಲ್ಟರ್ ಪೇಟನ್ ಎಂಬ ಮಹಾನ್ ಓಟಗಾರನಿಗೆ ದಾರಿ ಮಾಡಿಕೊಡುವ ಕೆಲಸ ಮಾಡಿದರು. 1986ರ ಜನವರಿಯಲ್ಲಿ ಆ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಅವರೇ ಒಂದು ಟಚ್‌ಡೌನ್ ಹೊಡೆದರು.

ಅಪ್ಪನ ಹೆಸರು ಹೇಳಿದರೆ ತಂಡದಲ್ಲಿ ಜಾಗ ಸಿಗುತ್ತಾ?

ಬಾಗಿಲೊಳಗೆ ಬರುವುದಕ್ಕೆ ಸಹಾಯ ಆಗುತ್ತದೆ. ಮೈದಾನಕ್ಕೆ ಇಳಿಯುವುದಕ್ಕೆ ಆಗುವುದಿಲ್ಲ. ಗೆಲ್ಲದಿದ್ದರೆ ಕೋಚ್‌ನ ಕೆಲಸ ಹೋಗುತ್ತದೆ, ಹಾಗಿರುವಾಗ ಯಾರದೋ ಮಗ ಅಂತ ಯಾರೂ ಆಡಿಸುವುದಿಲ್ಲ.

ಇದಕ್ಕೆ ಒಳ್ಳೆಯ ಸಾಕ್ಷಿ ಮೂರನೇ ಕ್ಲೇ ಮ್ಯಾಥ್ಯೂಸ್. ಅಪ್ಪ ಎರಡನೇ ಕ್ಲೇ ಮ್ಯಾಥ್ಯೂಸ್, ಚಿಕ್ಕಪ್ಪ ಬ್ರೂಸ್ ಮ್ಯಾಥ್ಯೂಸ್, ಇಬ್ಬರೂ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಆಡಿ ದೊಡ್ಡ ಹೆಸರು ಮಾಡಿದವರು. ಇಷ್ಟಿದ್ದರೂ ಹುಡುಗನಿಗೆ ಸ್ಕಾಲರ್‌ಶಿಪ್ ಸಿಗಲಿಲ್ಲ. ಹೈಸ್ಕೂಲಿನಲ್ಲಿ ಸಣಕಲಾಗಿದ್ದ. ಅದೇ ಹೈಸ್ಕೂಲಿನ ಕೋಚ್‌ಗಳಲ್ಲಿ ಒಬ್ಬರಾಗಿದ್ದ ಅಪ್ಪನೇ ಕೊನೆಯ ವರ್ಷದವರೆಗೆ ಮಗನನ್ನು ಮೊದಲ ಹನ್ನೊಂದರಲ್ಲಿ ಇಳಿಸಿರಲಿಲ್ಲ! 2004ರಲ್ಲಿ ಸ್ಕಾಲರ್‌ಶಿಪ್ ಇಲ್ಲದೆ ತಂಡ ಸೇರಿದ. ಇಂಥವರಿಗೆ ಅಲ್ಲಿ ವಾಕ್-ಆನ್ ಅಂತಾರೆ. ವರ್ಷಗಟ್ಟಲೆ ಮೈ ಬೆಳೆಸಿದ, ಚೆಂಡು ಒದೆಯುವ ಹೊತ್ತಿಗೆ ಮಾತ್ರ ಇಳಿಯುವ ಸ್ಪೆಷಲ್ ಟೀಮ್‌ಗಳಲ್ಲಿ ಓಡಿದ. ಖಾಯಂ ಜಾಗ ಸಿಕ್ಕಿದ್ದು 2008ರ ಕೊನೆಯ ಸಾಲಿನಲ್ಲಿ. 2009ರ ಡ್ರಾಫ್ಟ್‌ನಲ್ಲಿ, ಅಂದರೆ ಹಣ ಕೊಟ್ಟು ಆಡಿಸುವ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಗ್ರೀನ್ ಬೇ ಪ್ಯಾಕರ್ಸ್ ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು.

ಹೆಸರು ಮಾಡುವ ಒಂದು ಕೆಲಸ ಇದೆ ಅಂತ ನನಗನ್ನಿಸುತ್ತದೆ. ಬೆಂಚ್ ಮೇಲೆ ಕೂತು ವರ್ಷ ಕಳೆಯುವ ಹುಡುಗನಿಗೆ, ಇದೇ ಜಾಗದಲ್ಲಿ ನನ್ನವರೂ ಕಾದಿದ್ದರು ಅನ್ನುವ ಧೈರ್ಯ ಸಿಗುತ್ತದೆ. ಕೆವಿನ್ ಸೂಹಿ ಹೆಚ್ಚು ಆಡಿದವರಲ್ಲ. ಮೀಸಲು ಕ್ವಾರ್ಟರ್‌ಬ್ಯಾಕ್ ಆಗಿಯೇ ಇದ್ದರು. ಅವರ ವರ್ಷಗಳನ್ನು ನಾನು ಬೇರೆಯವರಿಗಿಂತ ಕಮ್ಮಿ ಅಂತ ಎಣಿಸುವುದಿಲ್ಲ.

ಕಾಲೇಜು ಸೀಟು ಸಿಗುವುದಕ್ಕೆ ಅನುಕೂಲ ಆಗುತ್ತಾ?

ಅದು ಬೇರೆ ವಿಷಯ. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಪ್ರವೇಶದಲ್ಲಿ ಸ್ವಲ್ಪ ಆದ್ಯತೆ ಕೊಡುವ ಪದ್ಧತಿ ಕೆಲವು ಕಾಲೇಜುಗಳಲ್ಲಿದೆ, ಎಲ್ಲ ಕಡೆ ಇಲ್ಲ. ಎಂಐಟಿ ಇದನ್ನು ನೋಡುವುದೇ ಇಲ್ಲ. ಜಾನ್ಸ್ ಹಾಪ್ಕಿನ್ಸ್ ನಿಲ್ಲಿಸಿದೆ. ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ಇದು ಬೇಡ ಎಂದು ಕಾನೂನು ಮಾಡಿತು. ನಿಮ್ಮ ಮಗ ಅಲ್ಲಿ ಓದಿದ್ದಾನೆ ಅಂತ ಮೊಮ್ಮಗಳಿಗೆ ಸೀಟು ಗ್ಯಾರಂಟಿ ಅಂದುಕೊಳ್ಳಬೇಡಿ.

ಮಕ್ಕಳು ಬೇರೆ ಕಾಲೇಜು ಆರಿಸಿಕೊಂಡರೆ ಜನ ಬೇಜಾರು ಮಾಡಿಕೊಳ್ಳುತ್ತಾರಾ?

ತುಂಬಾ. ಮ್ಯಾನಿಂಗ್ ಮನೆಯವರನ್ನು ಕೇಳಬೇಕು. ಆರ್ಚಿ ಮ್ಯಾನಿಂಗ್ 1968ರಿಂದ 1970ರವರೆಗೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್. ಈ ವಿಶ್ವವಿದ್ಯಾಲಯವನ್ನು ಎಲ್ಲರೂ ಓಲ್ ಮಿಸ್ ಅಂತಲೇ ಕರೆಯುವುದು. ಅಲ್ಲಿ ಅವರು ದೇವರ ಸಮಾನ. ಹೆಂಡತಿ ಒಲಿವಿಯಾ ಅವರೂ ಅದೇ ಕಾಲೇಜಿನವರು. ದೊಡ್ಡ ಮಗ ಕೂಪರ್ ಓಲ್ ಮಿಸ್‌ಗೇ ಹೋದರು. ಆದರೆ ಬೆನ್ನುಹುರಿಯ ದಾರಿ ಕಿರಿದಾಗುವ ಕಾಯಿಲೆ ಇರುವುದು ಗೊತ್ತಾಗಿ, ಒಂದು ಪಂದ್ಯವನ್ನೂ ಆಡದೆ ಆಟ ಬಿಡಬೇಕಾಯಿತು. ಎರಡನೇ ಮಗ ಪೇಟನ್ 1994ರಲ್ಲಿ ಟೆನೆಸಿ ಸೇರಿದಾಗ ಮಿಸಿಸಿಪ್ಪಿಯ ಅಭಿಮಾನಿಗಳು ಆರ್ಚಿ ಮೇಲೆ ಸಿಟ್ಟಾದರು. ಕೋಪದ ಪತ್ರಗಳು ಬಂದವು. ಹದಿನೆಂಟರ ಹುಡುಗ ತನ್ನ ಓದು-ಆಟದ ಜಾಗ ಆರಿಸಿಕೊಂಡಿದ್ದಕ್ಕೆ ಅಪ್ಪನಿಗೆ ಬೈಗುಳ. ಇದು ನನಗೆ ಒಪ್ಪಿಗೆಯಾಗುವುದಿಲ್ಲ. ಅಪ್ಪ ಮಗನನ್ನು ಅವನ ಪಾಡಿಗೆ ಬಿಟ್ಟಿದ್ದು ಸರಿಯೇ.

ಕೊನೆಯ ಮಗ ಈಲೈ ಓಲ್ ಮಿಸ್‌ಗೆ ಬಂದರು. 2003ರ ಸಾಲಿನಲ್ಲಿ ತಂಡ 10 ಪಂದ್ಯ ಗೆದ್ದಿತು. 2004ರಲ್ಲಿ ದೇಶದ ಡ್ರಾಫ್ಟ್‌ನಲ್ಲಿ ಅವರೇ ಮೊದಲಿಗರು. ಮೂರನೇ ತಲೆಮಾರು, ಕೂಪರ್ ಮಗ ಆರ್ಚ್, ಟೆಕ್ಸಸ್ ಆರಿಸಿಕೊಂಡ.

ಎಷ್ಟೋ ಸಲ ಇದರಲ್ಲಿ ಸಿಟ್ಟು, ನಿಷ್ಠೆ ಯಾವುದೂ ಇರುವುದಿಲ್ಲ. ಬ್ರೂಸ್ ಮ್ಯಾಥ್ಯೂಸ್ ಕ್ಯಾಲಿಫೋರ್ನಿಯಾದಲ್ಲಿ ಆಡಿದವರು. ಆಮೇಲೆ ಹ್ಯೂಸ್ಟನ್ ಆಯಿಲರ್ಸ್ ಸೇರಿ ಟೆಕ್ಸಸ್‌ನಲ್ಲೇ ಮನೆ ಮಾಡಿದರು. ಮಕ್ಕಳು ಅಲ್ಲೇ ಬೆಳೆದರು. ಕೆವಿನ್, ಜೇಕ್, ಮೈಕ್, ಲ್ಯೂಕ್, ನಾಲ್ವರೂ ಟೆಕ್ಸಸ್ ಎ ಅಂಡ್ ಎಂ ಸೇರಿದರು. ಅಪ್ಪನ ಕಾಲೇಜಿಗಿಂತ ಹತ್ತಿರದ ಕಾಲೇಜು ಗೆದ್ದಿತು, ಅಷ್ಟೇ.

ಅಪ್ಪನ ಜೆರ್ಸಿ ನಂಬರೇ ಮಗನಿಗೂ ಕೊಡುತ್ತಾರಾ?

ಕೆಲವು ಕಡೆ ಕೊಡುತ್ತಾರೆ. ದೊಡ್ಡ ಆಟಗಾರರ ನಂಬರನ್ನು ಮತ್ತೆ ಯಾರಿಗೂ ಕೊಡದೆ ಎತ್ತಿಡುವುದೂ ಇದೆ. ಆರ್ಚಿಯ 18ನ್ನು ಓಲ್ ಮಿಸ್ ಎತ್ತಿಟ್ಟಿದೆ. ಅಷ್ಟು ಸಾಲದು ಅಂತ ಕ್ಯಾಂಪಸ್ ರಸ್ತೆಗಳ ವೇಗದ ಮಿತಿಯನ್ನೂ ಗಂಟೆಗೆ 18 ಮೈಲಿ ಮಾಡಿದ್ದಾರೆ. ಈಲೈ ಆಡಿದ್ದು 10ರಲ್ಲಿ. 2021ರಲ್ಲಿ ಅದನ್ನೂ ಎತ್ತಿಟ್ಟರು.

ಪೆನ್ ಸ್ಟೇಟ್‌ನ ರೀತಿಯೇ ಬೇರೆ. ಅಲ್ಲಿನ ಜೆರ್ಸಿ ಮೇಲೆ ಆಟಗಾರರ ಹೆಸರೇ ಇರುವುದಿಲ್ಲ. 2012ರಲ್ಲಿ ಹೆಸರು ಹಾಕಿದರು, 2015ರಲ್ಲಿ ಮತ್ತೆ ತೆಗೆದರು. ಜೋ ಸೂಹಿಯ ಕೊನೆಯ ಸಾಲು 2011. ಅಂದರೆ ನಾಲ್ಕು ತಲೆಮಾರು ಆಡಿದ ಆ ಮನೆಯಲ್ಲಿ ಒಬ್ಬರ ಬೆನ್ನ ಮೇಲೂ ಮನೆ ಹೆಸರು ಬರಲಿಲ್ಲ.

ಬೇರೆ ಯಾವ ಕುಟುಂಬಗಳ ಬಗ್ಗೆ ತಿಳಿದುಕೊಳ್ಳಬಹುದು?

ನೆಬ್ರಾಸ್ಕದ ರೂಡ್‌ಗಳು: ಅಪ್ಪ ಟಾಮ್, ಚಿಕ್ಕಪ್ಪ ಜಾನ್, ಮಕ್ಕಳು ಬ್ಯಾರೆಟ್ ಮತ್ತು ಬೋ. ನಾಲ್ವರೂ ಲೈನ್‌ಬ್ಯಾಕರ್‌ಗಳು. ಅತಿ ಹೆಚ್ಚು ಟ್ಯಾಕಲ್‌ಗಳ (ಚೆಂಡು ಹಿಡಿದವನನ್ನು ಕೆಡವುವುದು) ನೆಬ್ರಾಸ್ಕ ದಾಖಲೆ ಮಾಡಿ ಹೋದವರು ಬ್ಯಾರೆಟ್. ಓಹಾಯೊ ಸ್ಟೇಟ್‌ನ ಹರ್ಬ್‌ಸ್ಟ್ರೀಟ್‌ಗಳು: ಜಿಮ್ 1960ರಲ್ಲಿ ನಾಯಕ, ಮಗ ಕರ್ಕ್ 1992ರಲ್ಲಿ ನಾಯಕ, ಮೊಮ್ಮಗ ಝ್ಯಾಕ್ ವಾಕ್-ಆನ್. ಟಿವಿಯಲ್ಲಿ ನೀವು ಕೇಳುವ ಕಾಮೆಂಟರಿ ಇದೇ ಕರ್ಕ್ ಅವರದು. ಮಿಷಿಗನ್‌ನ ಡುಫೆಕ್‌ಗಳು: ಅಪ್ಪ ಡಾನ್ 1951ರ ರೋಸ್ ಬೌಲ್‌ನ ಶ್ರೇಷ್ಠ ಆಟಗಾರ, 1970ರ ದಶಕದಲ್ಲಿ ಮಕ್ಕಳಾದ ಡಾನ್ ಮತ್ತು ಬಿಲ್.

ಹೈಸ್ಮನ್ ಪ್ರಶಸ್ತಿ ಗೆದ್ದ ಅಪ್ಪ-ಮಗ ಇದ್ದಾರಾ?

ಇಲ್ಲ. ಕಾಲೇಜು ಆಟದ ಈ ಅತಿ ದೊಡ್ಡ ಪ್ರಶಸ್ತಿ ಶುರುವಾಗಿದ್ದು 1935ರಲ್ಲಿ. ಇಷ್ಟು ವರ್ಷದಲ್ಲಿ ಒಂದು ಜೋಡಿಯೂ ಇಲ್ಲ.

ನಾಲ್ಕೈದು ತಲೆಮಾರಿನ ಕಥೆಗಳೆಲ್ಲ ಬಿಳಿಯರದ್ದೇ ಯಾಕೆ?

ಇದನ್ನು ಮುಚ್ಚಿಡಬಾರದು. ಉಳಿದವರಿಗೆ ಬಾಗಿಲೇ ತೆರೆದಿರಲಿಲ್ಲ. ದಕ್ಷಿಣದ ದೊಡ್ಡ ಲೀಗ್ ಆದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನಲ್ಲಿ ಮೊದಲ ಕಪ್ಪು ಆಟಗಾರ ಮೈದಾನಕ್ಕೆ ಇಳಿದಿದ್ದು 1967ರಲ್ಲಿ, ಕೆಂಟಕಿಯ ನೇಟ್ ನಾರ್ತಿಂಗ್ಟನ್. ಓಲ್ ಮಿಸ್ ತಂಡಕ್ಕೆ ಬೆನ್ ವಿಲಿಯಮ್ಸ್ ಮತ್ತು ಜೇಮ್ಸ್ ರೀಡ್ ಬಂದಿದ್ದು 1972ರಲ್ಲಿ. ಆರ್ಚಿ ಮ್ಯಾನಿಂಗ್ ಆಡಿ ಮುಗಿಸಿದ ಮೇಲೆ! ಅಜ್ಜನಿಗೆ ಪ್ರವೇಶವೇ ಇಲ್ಲದ ಕಾಲೇಜಿನಲ್ಲಿ ಮೊಮ್ಮಗ ಮೂರನೇ ತಲೆಮಾರು ಹೇಗೆ ಆಗುತ್ತಾನೆ? "ನಮ್ಮ ಪರಂಪರೆ" ಅಂತ ಹೇಳುವವರು ಇದನ್ನೂ ಸೇರಿಸಿ ಹೇಳಬೇಕು.

ಈಗ ಲೆಕ್ಕ ನಿಧಾನವಾಗಿ ಬದಲಾಗುತ್ತಿದೆ. ನೋಟರ್ ಡೇಮ್‌ನಲ್ಲಿ 1990ರ ದಶಕದ ಶುರುವಿನಲ್ಲಿ ಬ್ರಯಂಟ್ ಯಂಗ್ ಮತ್ತು ಜೆರೋಮ್ ಬೆಟಿಸ್ ಜೊತೆಗೆ ಆಡಿದ್ದರು. 2024ರಲ್ಲಿ ಯಂಗ್ ಮಗ ಬ್ರೈಸ್ ಅದೇ ತಂಡ ಸೇರಿದ. ಮರುವರ್ಷ ಬೆಟಿಸ್ ಮಗ ಬಂದ, ಅವನ ಹೆಸರೂ ಜೆರೋಮ್.

ಇಷ್ಟು ಗಟ್ಟಿ ನಂಟು ಕುಟುಂಬಕ್ಕೆ ಭಾರ ಆಗುವುದಿಲ್ವಾ?

ಆಗುತ್ತದೆ. ಓಹಾಯೊದ ಕರ್ಕ್ ಹರ್ಬ್‌ಸ್ಟ್ರೀಟ್ ಟಿವಿಯಲ್ಲಿ ನಿಷ್ಪಕ್ಷಪಾತವಾಗಿ ಮಾತಾಡಿದ್ದಕ್ಕೆ ಸ್ವಂತ ಊರಿನ ಅಭಿಮಾನಿಗಳೇ ಕಾಡಿದರು. 2011ರಲ್ಲಿ ಮನೆಮಂದಿಯನ್ನೆಲ್ಲ ಕರೆದುಕೊಂಡು ನ್ಯಾಶ್‌ವಿಲ್‌ಗೆ ಹೋಗಿಬಿಟ್ಟರು. ಅವಳಿ ಮಕ್ಕಳು ಓಹಾಯೊ ಸ್ಟೇಟ್ ಬಿಟ್ಟು ಕ್ಲೆಮ್ಸನ್ ವಿಶ್ವವಿದ್ಯಾಲಯ ಸೇರಿದರು.

ಆದರೆ ಇದಕ್ಕಿಂತ ನೂರು ಪಟ್ಟು ಕಷ್ಟದ್ದು ಪೆನ್ ಸ್ಟೇಟ್‌ನ 2011ರ ನವೆಂಬರ್. ಹಳೆಯ ಸಹಾಯಕ ಕೋಚ್ ಜೆರಿ ಸ್ಯಾಂಡಸ್ಕಿ ಮೇಲೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳು ದಾಖಲಾದವು. ಮರುವರ್ಷ ಕೋರ್ಟು ಅವನನ್ನು ಅಪರಾಧಿ ಎಂದಿತು. ನವೆಂಬರ್ 9ರ ರಾತ್ರಿ ವಿಶ್ವವಿದ್ಯಾಲಯದ ಟ್ರಸ್ಟಿಗಳ ಮಂಡಳಿ ಪಟರ್ನೊ ಅವರನ್ನು ಕೆಲಸದಿಂದ ತೆಗೆಯಿತು. ಆಗ ಮೂಳೆ ಡಾಕ್ಟರ್ ಆಗಿದ್ದ ಪಾಲ್ ಸೂಹಿ ಆ ಮಂಡಳಿಯ ಸದಸ್ಯರು. ಅದೇ ಸಾಲಿನಲ್ಲಿ ತಮ್ಮನ ಮಗ ಜೋ ಅದೇ ತಂಡದ ಫುಲ್‌ಬ್ಯಾಕ್. ತೆಗೆಯಲ್ಪಟ್ಟ ಕೋಚ್, 1950ರಲ್ಲಿ ಅಪ್ಪ-ಅಮ್ಮನ ಮನೆಯಲ್ಲಿ ತಂಗಿದ್ದ ಅದೇ ವ್ಯಕ್ತಿ. ನೊಂದ ಮಕ್ಕಳ ಮುಂದೆ ಯಾವ ಮನೆತನದ ಸಂಕಟವೂ ದೊಡ್ಡದಲ್ಲ. ಆದರೂ ತಂಡವೇ ಮನೆಯಾದಾಗ, ತಂಡದಲ್ಲಿ ತಪ್ಪು ನಡೆದರೆ ಅದನ್ನು ಎದುರಿಸುವುದು ಎಷ್ಟು ಕಷ್ಟ ಅನ್ನುವುದಕ್ಕೆ ಇದಕ್ಕಿಂತ ನೇರ ಉದಾಹರಣೆ ನನಗೆ ಗೊತ್ತಿಲ್ಲ. ಪಾಲ್ ಆ ರಾತ್ರಿ ಮಗನಾಗಿ ಅಲ್ಲ, ಟ್ರಸ್ಟಿಯಾಗಿ ಕೂರಬೇಕಿತ್ತು.

ಮುಂದೆಯೂ ಇಂಥ ಮನೆತನಗಳು ಹುಟ್ಟುತ್ತವಾ?

ಹುಟ್ಟುತ್ತವೆ, ಆದರೆ ಕಷ್ಟ ಜಾಸ್ತಿ. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬೇಕೆನ್ನುವವರು ಹೆಸರು ಹಾಕುವ ಆನ್‌ಲೈನ್ ಪಟ್ಟಿ) ಬಂದ ಮೇಲೆ ಆಟಗಾರರು ಕಾಲೇಜು ಬದಲಿಸುವುದು ಸಲೀಸಾಗಿದೆ. 2021ರಿಂದ ತಮ್ಮ ಹೆಸರು, ಮುಖ ಬಳಸಲು ಕೊಟ್ಟು ಹಣ ಗಳಿಸಬಹುದು. ಆ ಹಣ ಅವರಿಗೆ ಸಿಗಬೇಕಾದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ 2025ರಿಂದ ಕೋರ್ಟಿನ ಒಪ್ಪಂದದ ಪ್ರಕಾರ ಅದಕ್ಕೆ ಸೇರಿದ ತಂಡಗಳಲ್ಲಿ 105 ಆಟಗಾರರಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಇದರ ಏಟು ಬೀಳುವುದು ವಾಕ್-ಆನ್ ಹುಡುಗರಿಗೆ. ಕ್ಲೇ ಮ್ಯಾಥ್ಯೂಸ್, ಝ್ಯಾಕ್ ಹರ್ಬ್‌ಸ್ಟ್ರೀಟ್ ತರಹದವರು ಒಳಗೆ ಬಂದಿದ್ದು ಅದೇ ಬಾಗಿಲಿನಿಂದ. ಆ ಬಾಗಿಲು ಕಿರಿದಾಗುತ್ತಿರುವುದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಅಮೆರಿಕಕ್ಕೆ ಹೋದಾಗ ಇದನ್ನೆಲ್ಲ ಎಲ್ಲಿ ನೋಡಬಹುದು?

ಅಟ್ಲಾಂಟಾದಲ್ಲಿ ನೆಂಟರಿದ್ದರೆ ಅಲ್ಲಿನ ಕಾಲೇಜ್ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಹೋಗಿ. ಬಾಬ್ ಹಿಗಿನ್ಸ್, ಸ್ಟೀವ್ ಸೂಹಿ, ಕ್ಲಾರೆನ್ಸ್ ಸ್ವಾನ್ಸನ್, ಆರ್ಚಿ ಮ್ಯಾನಿಂಗ್ ಎಲ್ಲರಿಗೂ ಅಲ್ಲಿ ಜಾಗ ಸಿಕ್ಕಿದೆ. ಓಲ್ ಮಿಸ್‌ಗೆ ಹೋದರೆ 18ರ ಬೋರ್ಡ್ ರಸ್ತೆಯಲ್ಲೇ ಕಾಣುತ್ತದೆ, ಟಿಕೆಟ್ ಬೇಕಿಲ್ಲ. ಪಂದ್ಯ ನೋಡಲೇಬೇಕು ಅಂದರೆ ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ ಹೋಗಿ. ನವೆಂಬರ್ ಆದರೆ ದಪ್ಪ ಜಾಕೆಟ್ ಮರೆಯಬೇಡಿ, ಪೆನ್ಸಿಲ್ವೇನಿಯಾದ ಆ ಗಾಳಿ ಸ್ವೆಟರ್‌ಗೆಲ್ಲ ಬಗ್ಗುವುದಿಲ್ಲ.